ಕೆಂಪು ದಾರದ ತಮಾಲ್

ಇವತ್ತು ದೋಹಾದ ಮುಶೈರಿಬ್‌ನ ಹೋಟೆಲೊಂದರಲ್ಲಿ ಬಾಳೆಲೆಯ ಪೊಟ್ಟಣ ಬಿಚ್ಚಿದೆ. ಬೆಂದ ಎಲೆಯ ಘಮ ನನ್ನನ್ನು ಅಲ್ ಖೋರ್‌ನ ಹಳೆಯ ಕಂಪನಿ ಕ್ವಾರ್ಟರ್ಸಿಗೆ ಎಳೆದೊಯ್ದಿತು.

ಪಕ್ಕದ ಮನೆಯ ಮಾರ್ತಾ ಆಂಟಿ ಕೊಲಂಬಿಯಾದವರು. ಪ್ರತಿ ಕ್ರಿಸ್‌ಮಸ್‌ಗೆ ಮೆಕ್ಕೆಜೋಳದ ಹಿಟ್ಟಿನೊಳಗೆ ಕೋಳಿಮಾಂಸವಿಟ್ಟು, ನಮ್ಮ ಕಡುಬಿನ ಹಾಗೆ ಎಲೆಯಲ್ಲಿ ಕಟ್ಟಿ ಬೇಯಿಸಿ, ತಮಾಲ್ ಎಂದು ಸಾಲುಮನೆಗಳಿಗೆಲ್ಲ ಹಂಚುತ್ತಿದ್ದರು. ನಮ್ಮ ಪೊಟ್ಟಣಕ್ಕೆ ಮಾತ್ರ ಕೆಂಪು ದಾರ. ಮಾಂಸ ಮುಟ್ಟದ ಅಮ್ಮ ಬೇಡವೆನ್ನಲಾರದೆ ನಗುತ್ತ ತೆಗೆದುಕೊಳ್ಳುತ್ತಿದ್ದಳು. ಬಾಗಿಲು ಹಾಕಿದ ಮೇಲೆ, "ಬಿಚ್ಚಬೇಡಿ ಮಕ್ಕಳೇ, ಬಸ್ಸಿನ ಡ್ರೈವರಿಗೆ ಕೊಡುವ" ಎನ್ನುತ್ತಿದ್ದಳು. ನಮ್ಮವರ ಹಾಳು ಸಂಕೋಚ!

ತಾವು ಕತಾರ್ ಬಿಟ್ಟು ಊರಿಗೆ ಹೊರಟ ದಿನ ಆಂಟಿ ಅಮ್ಮನನ್ನು ತಬ್ಬಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು: "ನೀನು ಮಾಂಸ ತಿನ್ನುವುದಿಲ್ಲವೆಂದು ನನಗೆ ಗೊತ್ತಿತ್ತು. ಕೆಂಪು ದಾರದ್ದರಲ್ಲಿ ಬರೀ ಬಟಾಟೆ, ಬಟಾಣಿ ಹಾಕುತ್ತಿದ್ದೆ. ರುಚಿಯಾಗಿತ್ತಾ?"

ಅಮ್ಮ ಹೌದೆಂದು ತಲೆಯಾಡಿಸಿದಳು.

ಇವತ್ತು ನನ್ನೆದುರು ಕೂತ ಅಮ್ಮ ತರಕಾರಿ ತಮಾಲನ್ನು ಅರ್ಧ ತಿಂದು ಕೈ ನಿಲ್ಲಿಸಿದಳು.

"ಇದು ಒಳ್ಳೆದುಂಟು ಮಗಾ. ಮಾರ್ತಾ ಮಾಡಿದ್ದು ಹೇಗಿತ್ತೋ ಏನೋ."