ಅಣ್ಣನ ಸಹಿ, ತಂಗಿಯ ಮೈ

ಒಣದ್ರಾಕ್ಷಿ ಪೇಟೆಯಲ್ಲಿ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಗಂಧಕದ ಹೊಗೆ ಕೊಟ್ಟ ಮಾಲು ಬಂಗಾರದ ಹಾಗೆ ಹೊಳೆಯುತ್ತದೆ, ಬೇಗ ಖಾಲಿಯಾಗುತ್ತದೆ. ಹೊಗೆ ಕಾಣದ ಮಾಲು ಕಪ್ಪಗೆ, ಮುಖ ಗಂಟು ಹಾಕಿಕೊಂಡು ಮೂಲೆಯ ಚೀಲದಲ್ಲಿ ಕೂತಿರುತ್ತದೆ. ಬಾಯಿಗೆ ಹಾಕಿಕೊಂಡವನಿಗಷ್ಟೇ ಅದರ ಗುಣ ಗೊತ್ತು. ನೀಲಾಂಬಿಕಾ ಸಿಸ್ಟರ್ ಈ ಎರಡನೆಯ ಚೀಲದವಳು.

ಎತ್ತರ ಕಡಿಮೆ, ದನಿ ಹೆಚ್ಚು. ಬೈತಲೆಯ ಬಳಿ ನರೆ, ಅದಕ್ಕೆ ಬಣ್ಣ ಹಚ್ಚುವ ಉಮೇದಿಲ್ಲ. ಒಂದು ಕಟ್ಟು ಕೊತ್ತಂಬರಿಗೆ ಆಕೆ ಮಾಡುವ ಚೌಕಾಸಿ ಕಂಡರೆ ಹುಟ್ಟು ವ್ಯಾಪಾರಿಯೂ ನಾಚಬೇಕು. ರಿಕ್ಷಾದವನಿಗೆ ತಾನು ತೋರಿಸಿದ ದಾರಿ ತಪ್ಪೆಂದು ಗೊತ್ತಾದರೂ ಒಪ್ಪಿಕೊಳ್ಳುವುದಿಲ್ಲ. ಊರೆಲ್ಲ ಸುತ್ತಿ ಇಳಿದು, “ಗಾಳಿ ಚಲೋ ಇತ್ತು” ಎನ್ನುತ್ತಾಳೆ. ಇಂಥ ಮಾಲು ಕೊಳ್ಳುವವನು ಎರಡು ಸಲ ಯೋಚಿಸುತ್ತಾನೆ. ನಾಸಿಕದ ಆ ಟ್ರಸ್ಟ್ ಆಸ್ಪತ್ರೆಯವರು ಯೋಚಿಸಲಿಲ್ಲ. ಕ್ಯಾನ್ಸರ್ ವಿಭಾಗಕ್ಕೆ ಅನುಭವದ ನರ್ಸು ಬೇಕಿತ್ತು. ಕನ್ನಡ ಬರುತ್ತದೆ ಎಂಬುದು ಕೊಸರು ಸಿಕ್ಕ ಹಾಗಾಯಿತು.

ಊರು ವಿಜಯಪುರದ ಇಂಡಿ. ಗಂಡ ಚನಬಸಪ್ಪ ಬ್ಯಾಂಕಿನವನು. ಬ್ಯಾಂಕು ಎತ್ತಿಟ್ಟ ಊರಲ್ಲಿ ಸಂಸಾರ. ನಾಸಿಕಕ್ಕಿಂತ ಮೊದಲು ಛತ್ರಪತಿ ಸಂಭಾಜಿನಗರದಲ್ಲಿದ್ದರು. ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಪೈಠಣದಿಂದ ಬಂದಿದ್ದ ಮುದುಕಿಯೊಬ್ಬಳ ಒಪ್ಪಿಗೆ ಪತ್ರವನ್ನು ಈಕೆಯ ಮುಂದೆ ಸರಿಸಿದರು. ಹೆಬ್ಬೆಟ್ಟು ಆಗಲೇ ಬಿದ್ದಿತ್ತು. ಎಲ್ಲವನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಲಾಗಿದೆ ಎಂಬ ಅಚ್ಚಿನ ಸಾಲಿನ ಕೆಳಗೆ ಸಾಕ್ಷಿಯ ಜಾಗ ಖಾಲಿ.

“ಯಾರು ಹೇಳಿದ್ರು? ಯಾವಾಗ?” ಎಂದಳು ನೀಲಾಂಬಿಕಾ.

“ಅದೆಲ್ಲ ಆಗೇದ ಬಿಡ್ರಿ. ನೀವು ಸಹಿ ಹಾಕ್ರಿ.”

“ನಾ ನೋಡಿಲ್ಲ. ನೋಡದ್ದಕ್ಕ ಸಾಕ್ಷಿ ಹೇಳಾಕ ನಾನೇನು ಕೋರ್ಟಿನ ಬಾಗಲಾಗ ಚಹಾ ಕುಡ್ಕೋತ ನಿಂತಾಕಿ ಅಲ್ಲ.”

ಮರುವಾರವೇ ಆಕೆಯನ್ನು ವಾರ್ಡಿನಿಂದ ತೆಗೆದು ಬಟ್ಟೆಯ ಉಗ್ರಾಣಕ್ಕೆ ಹಾಕಿದರು. ಚಾದರ ಮಡಚುವ, ದಿಂಬಿನ ಚೀಲ ಹಂಚುವ ಕೆಲಸ. ಅಲ್ಲಿಂದ ಬಿಡಿಸಿದ್ದು ಆಸ್ಪತ್ರೆಯವರ ಕರುಣೆಯಲ್ಲ, ಚನಬಸಪ್ಪನ ವರ್ಗಾವಣೆ.

ನಾಸಿಕಕ್ಕೆ ಬಂದ ಮೇಲೆ ಕೆಲವು ಕಾಲ ಎಲ್ಲ ತಣ್ಣಗಿತ್ತು. ಆಮೇಲೆ ಹನುಮವ್ವ ಬಂದಳು.

ಹನುಮವ್ವ ಸಿಂದಗಿ ಕಡೆಯವಳು. ಊರ ಹೊರಗೆ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಇಟ್ಟಿಗೆ ಹೊರುವ ಕೆಲಸ. ಗಂಡ ತೀರಿಕೊಂಡಿದ್ದ. ಎದೆಯಲ್ಲಿ ಗಂಟು ಕಾಣಿಸಿದಾಗ ಕರೆದುಕೊಂಡು ಬಂದವನು ಅಣ್ಣ ಶ್ರೀಮಂತ, ಅವರ ಕೂಲಿ ಗುಂಪಿನ ಮುಕಾದಮ. ಈ ಗುಂಪುಗಳಲ್ಲಿ ಮುಕಾದಮನೇ ಎಲ್ಲರ ಬಾಯಿ. ಹಾಜರಿ ಹೇಳುವವನು ಅವನು, ಇಂಜಿನಿಯರನ ಹತ್ತಿರ ರಜೆ ಕೇಳುವವನು ಅವನು, ಪೊಲೀಸ್ ಠಾಣೆಯಲ್ಲಿ ಕೈಮುಗಿಯುವವನೂ ಅವನೇ. ಆಸ್ಪತ್ರೆಯಲ್ಲೂ ಅದೇ ರೂಢಿಯಲ್ಲಿ, ಹಾಜರಿಗೆ ಹಾಕಿದ ಹಾಗೆ, ತಂಗಿಯ ಕೀಮೋಥೆರಪಿಗೆ ಸಹಿ ಹಾಕಿದ್ದ. ಯಾರೂ ಬೇಡ ಅನ್ನಲಿಲ್ಲ.

ಮೊದಲ ಸರದಿಯ ದಿನ ಅವನು ನೀಲಾಂಬಿಕಾಳನ್ನು ಬಾಗಿಲ ಮರೆಗೆ ಕರೆದ. “ಸಿಸ್ಟರ್, ನೀವು ನಮ್ಮ ಕಡಿಯವ್ರು. ಆ ಜಡ್ಡಿನ ಹೆಸರು ಆಕಿ ಮುಂದ ಎತ್ತಬ್ಯಾಡ್ರಿ. ಕೇಳಿದ್ಲಂದ್ರ ಅವತ್ತ ಹಾಸಗಿ ಹಿಡೀತಾಳ. ಶಕ್ತಿ ಸಲಾಯಿನ್ ಅಂತ ಹೇಳೀನಿ.”

ಅವನ ಕಣ್ಣು ತುಂಬಿತ್ತು; ನಾಟಕವಲ್ಲ. ರೋಗದ ಹೆಸರು ಹೇಳುವುದು ಡಾಕ್ಟರರ ಕೆಲಸ, ಹೇಳಿರುತ್ತಾರೆ, ಇವರು ಮನೆಮಟ್ಟಿಗೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ನೀಲಾಂಬಿಕಾ ತಲೆಯಾಡಿಸಿದಳು, ಔಷಧಿ ಏರಿಸಿದಳು. ಈ ಮಾಲಿನಲ್ಲಿ ಸಿಕ್ಕ ಕಲ್ಲು ಇದೊಂದು. ಆರಿಸಿ ಬದಿಗಿಟ್ಟು ತೂಗಿದರೆ ಅದು ಮೋಸದ ತಕ್ಕಡಿ.

ಎರಡನೆಯ ಸರದಿಗೆ ಹನುಮವ್ವ ತಲೆಗೆ ಸೆರಗು ಬಿಗಿದುಕೊಂಡು ಬಂದಳು. ಜೊತೆಗೆ ಅತ್ತಿಗೆ, ಶ್ರೀಮಂತನ ಹೆಂಡತಿ ಮಂಜುಳಾ: ಗಾಳಿಗೆ ಹಾರಿಹೋಗುವಷ್ಟು ತೆಳು, ಉಗುರು ಬೆಳ್ಳಗೆ. ಹನುಮವ್ವ ಕುರ್ಚಿಯಲ್ಲಿ ಒರಗಿ, ತೂಗುಹಾಕಲು ತಂದಿಟ್ಟಿದ್ದ ಕೆಂಪು ಬಾಟ್ಲಿ ನೋಡಿ ಖುಷಿಯಿಂದ ಅತ್ತಿಗೆಯನ್ನು ಮುಂದಕ್ಕೆ ತಳ್ಳಿದಳು.

“ಯಕ್ಕಾ, ಇಕಿ ಮೈಯಾಗ ರಕ್ತಾನ ಇಲ್ಲ. ಕೆಂಪ ಸಲಾಯಿನ್ ನನಗ ಅರ್ಧಾ ಸಾಕು. ಉಳಿದದ್ದು ಇಕಿಗೆ ಹಚ್ಚಿಬಿಡ್ರಿ.”

ಮಂಜುಳಾ ನಾಚಿಕೊಂಡು ತೋಳು ಮುಂದೆ ಚಾಚಿದಳು.

ನೀಲಾಂಬಿಕಾಳ ಕೈ ನಿಂತಿತು. ಆ ಕೆಂಪು ಒಂದು ಹನಿ ನರ ಬಿಟ್ಟು ಪಕ್ಕಕ್ಕೆ ಸೋರಿದರೆ ಮಾಂಸ ಸುಡುತ್ತದೆ. ಅದನ್ನು ಮುಟ್ಟುವಾಗ ಆಕೆ ಎರಡೆರಡು ಕೈಗವಸು ಹಾಕಿಕೊಳ್ಳುತ್ತಾಳೆ. ಅದನ್ನು ಈ ಹೆಂಗಸು ಮನೆಯ ಪಾಯಸದ ಹಾಗೆ ಹಂಚಲು ಹೊರಟಿದ್ದಳು.

“ಹನುಮವ್ವ, ಇದು ಏನಂತ ತಿಳದೀರಿ?”

“ರಕ್ತದ ಟಾನಿಕ್. ಅಣ್ಣ ಹೇಳ್ಯಾನಲ್ಲ.”

“ಡಾಕ್ಟರ್ ನಿಮ್ಮ ಕೂಡ ಮಾತಾಡ್ಯಾರೇನು?”

“ಅವರು ಅಣ್ಣನ ಕೂಡ ಮಾತಾಡ್ತಾರ. ನನಗ ನಾಲಿಗಿ ತೋರ್ಸು ಅಂತಾರ.”

ನೀಲಾಂಬಿಕಾ ಬಾಟ್ಲಿಯನ್ನು ಟ್ರೇಗೆ ವಾಪಸಿಟ್ಟು ಡಾಕ್ಟರ್ ಉತ್ಕರ್ಷನನ್ನು ಕರೆಸಿದಳು. ಆತನೂ ಕನ್ನಡದವನೇ. ಅಪ್ಪ ಕೇಂದ್ರ ಸರ್ಕಾರದ ನೌಕರ, ಹುಡುಗ ನಾಸಿಕದಲ್ಲೇ ಬೆಳೆದವ. ಕನ್ನಡ ಕೇಳಿದರೆ ಪೂರಾ ತಿಳಿಯುತ್ತದೆ; ಆಡಲು ಹೋದರೆ ಮೂರನೆಯ ಮಾತಿಗೆ ಮರಾಠಿ ನುಗ್ಗುತ್ತದೆ. ಬಾಗಿಲಲ್ಲೇ ನಿಂತು, “ಕಾಯ ಝಾಲಂ, ಸಿಸ್ಟರ್? ಏನಾಯ್ತು?” ಎಂದ.

“ಸರ್, ಈಕಿಗೆ ಏನೂ ಗೊತ್ತಿಲ್ಲ. ನೀವು ಕೂತು ಹೇಳ್ರಿ, ನಾ ಕನ್ನಡದಾಗ ಹೇಳ್ತೀನಿ. ಆಮ್ಯಾಲೆ ಔಷಧ.”

“ಅಣ್ಣನ ಸಹಿ ಇದೆಯಲ್ಲ,” ಎಂದ ಆತ ಮರಾಠಿಯಲ್ಲೇ.

“ಔಷಧ ಅಣ್ಣನ ಮೈಯಾಗ ಹೋಗೂದಿದ್ರ ಅಣ್ಣನ ಸಹಿ ಸಾಕು, ಸರ್. ಈಕಿ ಸಣ್ಣ ಹುಡುಗಿ ಅಲ್ಲ, ಬುದ್ಧಿ ನೆಟ್ಟಗದ, ನಾಲಿಗಿನೂ ನೆಟ್ಟಗದ. ಕಾಯ್ದೆ ಪ್ರಕಾರ ಕೇಳಬೇಕಾದ್ದು ಈಕಿನ್ನ.”

“ಹೊರಗೆ ಓಪಿಡಿ ತುಂಬಿದೆ. ಔಷಧ ಬೆರೆಸಿ ಆಗಿದೆ, ವೇಸ್ಟ್ ಆಗುತ್ತೆ. ಇದು ನಿಮ್ಮ ಮೇಲೇ ಬರುತ್ತೆ.”

“ಬರಲಿ.”

ಶ್ರೀಮಂತ ಓಡಿ ಬಂದು ದನಿ ತಗ್ಗಿಸಿದ. “ಸಿಸ್ಟರ್, ಕೈ ಮುಗೀತೀನಿ. ಹೇಳಿದ್ರ ಎದಿ ಒಡದು ಸಾಯ್ತಾಳ.”

“ಹೇಳದಿದ್ದಕ್ಕ ನಿಮ್ಮ ಹೇಣ್ತಿಗೆ ವಿಷಾ ಹಂಚಾಕತ್ತಿದ್ಲು. ನೋಡ್ರಿ ಅಲ್ಲೆ, ಇನ್ನೂ ತೋಳ ಚಾಚ್ಯಾಳ.”

ಮಂಜುಳಾ ತೋಳನ್ನು ಸರಕ್ಕನೆ ಒಳಗೆಳೆದುಕೊಂಡಳು.

ಡಾಕ್ಟರ್ ಗಡಿಯಾರ ನೋಡಿ ಹೊರಡಲು ತಿರುಗಿದ. ಆಗ ಪಕ್ಕದ ಕುರ್ಚಿಯಿಂದ ದನಿ ಬಂತು. ಅಲ್ಲಿ ಔಷಧಿ ಏರಿಸಿಕೊಳ್ಳುತ್ತಿದ್ದವಳು ಸಾವಿತ್ರಿಬಾಯಿ: ವಿಜಯಪುರದಿಂದ ಮದುವೆಯಾಗಿ ಬಂದು ನಾಸಿಕದಲ್ಲೇ ಹಣ್ಣಾದವಳು, ಇದನ್ನು ಬರೆಯುತ್ತಿರುವವನ ಅಕ್ಕ.

“ಡಾಕ್ಟರ, ಹೊಂಟ್ರ್ಯಾ? ಹೋಗೂಮುಂದ ನನ್ನ ಸೂಜೀನೂ ಕಿತ್ತು ಹೋಗ್ರಿ.”

“ಆಜಿ, ನಿಮಗೇನಾಯ್ತು?”

“ನನಗೇನಾಗೇದ ಅಂತ ನನಗೂ ಯಾರೂ ಹೇಳಿಲ್ಲಪ್ಪ. ಮನ್ಯಾಗ ರಕ್ತ ತೊಳಿಯೂ ಔಷಧ ಅಂತಾರ. ನನಗ ತಿಳದಿಲ್ಲ ಅಂತ ಅವರು ತಿಳಕೊಂಡಾರ. ತಿಳದಿಲ್ಲ ಅಂತ ನಾ ನಾಟಕ ಮಾಡಬೇಕು. ಒಂದ ಕಡೆ ಜಡ್ಡು, ಒಂದ ಕಡೆ ನಾಟಕ. ಎರಡೂ ಕೂಡಿ ಸಾಕಾಗೇದ. ಆಕಿಗೆ ಹೇಳ್ರಿ. ನಾನೂ ಕಿವಿ ಕೊಡ್ತೀನಿ.”

ಇಡೀ ವಾರ್ಡು ಈ ಕಡೆ ತಿರುಗಿತ್ತು. ನೀಲಾಂಬಿಕಾ ಕಾಲಿಂದ ಒಂದು ಸ್ಟೂಲು ಎಳೆದು ಡಾಕ್ಟರರ ಮುಂದಿಟ್ಟಳು. ಆತ ಕೆಂಪಾಗಿ ಕೂತ.

“ನನ್ನ ಕನ್ನಡ ಅಂದ್ರೆ... ಮನೆಯಲ್ಲಿ ಊಟ, ಸ್ನಾನ, ಅಷ್ಟೇ ಸಿಸ್ಟರ್,” ಎಂದ ಮೆಲ್ಲಗೆ. ಇಷ್ಟು ದಿನ ಅಣ್ಣಂದಿರ ಹತ್ತಿರವೇ ಹಿಂದಿಯಲ್ಲಿ ಮಾತು ಮುಗಿಸುತ್ತಿದ್ದುದರ ಗುಟ್ಟು ಅಷ್ಟೇ.

“ಉಳಿದದ್ದು ನಾ ನೋಡ್ಕೋತೀನಿ. ನೀವು ಶುರು ಮಾಡ್ರಿ.”

ಆತ ಹೇಳಿದ, ಆಕೆ ಕನ್ನಡಕ್ಕೆ ತಂದಳು. ಗಂಟು ಏನು, ಅದರ ಹೆಸರೇನು, ಈ ಕೆಂಪು ಏನು ಮಾಡುತ್ತದೆ, ಬಿಟ್ಟರೆ ಏನಾಗುತ್ತದೆ. ಹೆಸರು ಬಂದಾಗ ಹನುಮವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಎದೆ ಒಡೆಯಲಿಲ್ಲ.

“ನನ್ನ ಕೂದ್ಲ ಉದರಿದ್ದು ಇದರಿಂದಾನ?”

“ಹೂಂ.”

“ಎಣ್ಣಿ ಕೆಟ್ಟದ್ದು ಕೊಟ್ಟೀ ಅಂತ ಅಂಗಡ್ಯಾವನ ಕೊರಳಪಟ್ಟಿ ಹಿಡದು ಬಂದೀನಲ್ಲ ಯಕ್ಕಾ!”

ಸಾವಿತ್ರಿಬಾಯಿ ಸೂಜಿ ಚುಚ್ಚಿದ ಕೈ ಅಲುಗುವ ಹಾಗೆ ನಕ್ಕಳು. ಹನುಮವ್ವ ನಗಲಿಲ್ಲ. ಅಣ್ಣನ ಕಡೆ ತಿರುಗಿದಳು.

“ಇಟ್ಟಂಗಿ ಹೊರಾಕ ಈ ಮೈ ನಂದು. ಜಡ್ಡ ಬಂದ್ರ ನಿಂದೇನು?”



“ಇವತ್ತು ಬ್ಯಾಡ,” ಎಂದಳು ಹನುಮವ್ವ. “ಮಗಳಿಗೆ ನಾನ ಹೇಳಬೇಕು. ವಿಚಾರ ಮಾಡಿ ಬರ್ತೀನಿ. ಬರೂದಿಲ್ಲ ಅಂದ್ರ ಅದೂ ನನ್ನ ಇಚ್ಛಾ.”

ಡಾಕ್ಟರ್ ನೀಲಾಂಬಿಕಾಳ ಮುಖ ನೋಡಿದ. ಆಕೆಗೂ ಈ ಉತ್ತರ ಬೇಕಿರಲಿಲ್ಲ. ಆದರೂ ಹೇಳಿದಳು: “ಬ್ಯಾಡ ಅಂದ್ಲು, ಸರ್. ಅದನ್ನ ಕೇಳಾಕೂ ನಾವು ಕೂತೀವಿ.” ಕೆಂಪು ಬಾಟ್ಲಿ ತ್ಯಾಜ್ಯದ ಡಬ್ಬಿಗೆ ಹೋಯಿತು.

ಮರುದಿನ ಮೇಲಿನವರಿಂದ ನೋಟಿಸು: ಚಿಕಿತ್ಸೆಗೆ ಅಡ್ಡಿ, ಔಷಧಿ ನಷ್ಟ, ವಿವರಣೆ ಕೊಡಿ. ರೋಗಿ ತಿರುಗಿ ಬಾರದಿದ್ದರೆ ಕೆಲಸ ಉಳಿಯುವುದಿಲ್ಲ ಎಂದು ಬಾಯಿಮಾತಿನಲ್ಲಿ ಬೇರೆ ತಿಳಿಸಿದರು.

ಚನಬಸಪ್ಪ ಉತ್ತರದ ಕರಡು ಓದಿ ಗಾಬರಿಯಾದ. “‘ಹೌದು, ಮಾಡಿದ್ದೇನೆ. ಮುಂದೆಯೂ ಹೀಗೇ ಮಾಡುತ್ತೇನೆ.’ ಇಷ್ಟ ಏನ? ಕ್ಷಮಾ ಅಂತ ಒಂದು ಮಾತು ಹಾಕು, ಏನು ಗಂಟು ಹೋಗ್ತದ?”

“ಹಾಕಿದ್ರ ನಾಳೆ ಮತ್ತ ಹೆಬ್ಬೆಟ್ಟಿನ ಕೆಳಗ ಸಹಿ ಹಾಕು ಅಂತಾರ. ಒಮ್ಮೆ ಸುಮ್ಮನ ತಲಿ ಆಡಿಸೀನಿ, ಅದು ಸಾಕು.”

“ಬಟ್ಟಿ ಕೋಣಿಗೆ ಹಾಕಿದ್ರ?”

“ಇಸ್ತ್ರಿ ಚಲೋ ಬರ್ತದ ನನಗ.”

ಮಾತು ಗಟ್ಟಿಯಾಗೇ ಇತ್ತು. ಆದರೆ ಆ ವಾರವೆಲ್ಲ ಆಕೆಯ ಕಣ್ಣು ವಾರ್ಡಿನ ಬಾಗಿಲಲ್ಲೇ. ಹನುಮವ್ವ ಬಾರದೆ ಹೋದರೆ ತಾನು ನಿಜ ಹೇಳಿಸಿ ಕೊಂದ ಹಾಗಾಯಿತೇ ಎಂದು ಊಟ ಮಾಡುವಾಗ ಅನ್ನ ಕೆದಕುತ್ತಿದ್ದಳು. ಕೊತ್ತಂಬರಿಯನ್ನು ಕೇಳಿದ ಬೆಲೆಗೇ ಕೊಂಡು ತಂದಾಗ ಚನಬಸಪ್ಪನಿಗೆ ನಿಜಕ್ಕೂ ಹೆದರಿಕೆಯಾಯಿತು.

ಹನುಮವ್ವ ಬಂದಳು. ತಲೆಯ ಸೆರಗು ಬಿಚ್ಚಿ, ಬೋಳುತಲೆಯಲ್ಲಿ, ಮಗಳ ಕೈ ಹಿಡಿದು. ಹಿಂದೆ ಮಂಜುಳಾ, ಅವಳ ಹಿಂದೆ ಶ್ರೀಮಂತ, ಈ ಸಲ ಬಾಯಿ ಮುಚ್ಚಿಕೊಂಡು.

“ಡಾಕ್ಟರನ್ನ ಕರೀರಿ, ಕೂಡ್ಲಿ,” ಎಂದಳು. “ಇನ್ನೊಮ್ಮೆ ಎಲ್ಲಾ ಹೇಳಬೇಕು, ಮಗಳು ಕೇಳ್ಲಿ. ಆಮ್ಯಾಲೆ ಹೆಬ್ಬೆಟ್ಟು ನಾನ ಒತ್ತತೀನಿ. ಮತ್ತ ಈ ಮಂಜುಳಾನ ರಕ್ತ ತಪಾಸ ಮಾಡ್ಸ್ರಿ. ಇಕಿಗೆ ಬೇಕಾದ ಔಷಧಾನೇ ಬ್ಯಾರೆ ಇರಬೇಕು.”

ಎಲ್ಲ ಕೇಳಿ ಒತ್ತಿದಳು. ಸಾಕ್ಷಿಯ ಜಾಗದಲ್ಲಿ ನೀಲಾಂಬಿಕಾ ಸಹಿ ಮಾಡಿದಳು. ಈ ಸಲ ಕಣ್ಣಾರೆ ನೋಡಿದ್ದಳು.

ಕೆಲಸ ಉಳಿಯಿತು, ಬಡ್ತಿ ಬರಲಿಲ್ಲ. ಅವಳಿಗಿಂತ ಚಿಕ್ಕವಳು ಮೇಲೇರಿ ಕೂತಿದ್ದಾಳೆ. ನೋಟಿಸು ಇನ್ನೂ ಕಡತದಲ್ಲಿದೆ. ಹಿಂದಕ್ಕೆ ತೆಗೆದುಕೊಳ್ಳಿ ಎಂದು ಆಕೆಯೂ ಕೇಳಿಲ್ಲ. ಆ ಸ್ಟೂಲು ಮಾತ್ರ ವಾರ್ಡಿನಲ್ಲೇ ಉಳಿದಿದೆ. ಡಾಕ್ಟರ್ ಉತ್ಕರ್ಷ ಗೊಣಗುತ್ತಲೇ ಅದರ ಮೇಲೆ ಕೂರುತ್ತಾನೆ, ಆತನ ಕನ್ನಡ ಈಗ ಊಟ, ಸ್ನಾನ ದಾಟಿ “ನೋವು ಎಲ್ಲೈತ್ರಿ?” ತನಕ ಬಂದಿದೆ.

ಹನುಮವ್ವ ಬೇಡ ಅಂದ ದಿನವೇ ಸಾವಿತ್ರಿಬಾಯಿ ಮನೆಗೆ ಬಂದು ಎಲ್ಲರನ್ನೂ ಕೂರಿಸಿ, ತನಗೆ ಏನಾಗಿದೆ, ತನಗೆ ಏನು ಬೇಕು, ಏನು ಬೇಡ ಎಂದು ತಾನೇ ಹೇಳಿದಳು. ಆಮೇಲೆ ಬದುಕಿದ್ದಷ್ಟು ಕಾಲ ನಮ್ಮೆದುರು ನಾಟಕ ಆಡಲಿಲ್ಲ, ನಾವೂ ಆಡಲಿಲ್ಲ. ನನ್ನ ಅಕ್ಕನ ಕೊನೆಯ ಮಾತುಗಳು ನಿಜವಾದ ಮಾತುಗಳಾಗಿದ್ದವು. ಅದಕ್ಕಾಗಿ ನಾನು ನೀಲಾಂಬಿಕಾಳಿಗೆ ಋಣಿ.