ಶುಭ ಶುಕ್ರವಾರ ಹಣ್ಣಾದ ಹುಳುಗಳು

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಅಂದರೆ 1978ನೆಯ ಇಸವಿಯಲ್ಲಿ, ನನಗೆ ಎಂಟು ವರ್ಷ ವಯಸ್ಸು. ದೊಡ್ಡಬೆಳವಂಗಲದ ಆಚೆಗಿದ್ದ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟಿದ್ದವು. ಉಳಿದವರಂತೆಯೇ ನಾವೂ ರಾಗಿ ಬೆಳೆಯುತ್ತಿದ್ದೆವು, ರೇಷ್ಮೆಹುಳು ಸಾಕುತ್ತಿದ್ದೆವು. ಹಬ್ಬಗಳು ಮಾತ್ರ ಬೇರೆಯಾಗಿದ್ದವು.

ಆ ಬೇಸಿಗೆಯಲ್ಲಿ ನಾನು ಚರ್ಚಿನ ಬಲಿಪೂಜೆಯಲ್ಲಿ ಮೊದಲ ಪರಮಪ್ರಸಾದ, ಅಂದರೆ ಪವಿತ್ರ ರೊಟ್ಟಿ, ಸ್ವೀಕರಿಸುವವನಿದ್ದೆ. ದೇವರು ಆದಿಯೂ ಅಂತ್ಯವೂ ಇಲ್ಲದವರು, ಎಲ್ಲೆಲ್ಲಿಯೂ ಇರುವವರು, ಎಲ್ಲವನ್ನೂ ಬಲ್ಲವರು ಎಂಬ ಜ್ಞಾನೋಪದೇಶದ ಉತ್ತರಗಳನ್ನು ಅಕ್ಕ ಯಾವ ಸಾಲಿನಿಂದ ಕೇಳಿದರೂ ತಡವರಿಸದೆ ಒಪ್ಪಿಸುತ್ತಿದ್ದೆ.

ಶುಭ ಶುಕ್ರವಾರದ ಬೆಳಿಗ್ಗೆ ಶಿಲುಬೆಯ ಹಾದಿಯ ಪ್ರಾರ್ಥನೆಗೆಂದು ಚರ್ಚಿಗೆ ಹೋದೆವು. ಗಂಟೆ ಮೌನವಾಗಿತ್ತು, ಅದರ ಬದಲು ಮರದ ಹಲಗೆಯನ್ನು ಟಕಟಕ ಬಡಿದರು. ಪೀಠದ ಮೇಲೆ ಬಟ್ಟೆಯಿರಲಿಲ್ಲ. ಸದಾ ಉರಿಯುತ್ತಿದ್ದ ಕೆಂಪು ದೀಪ ಆರಿತ್ತು. ಪರಮಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ.

“ಇವತ್ತು ಯೇಸುಸ್ವಾಮಿ ಸತ್ತ ದಿನ ಕಣೋ. ಇನ್ನು ಭಾನುವಾರವೇ ಏಳೋದು” ಎಂದು ಅಕ್ಕ ಪಿಸುಗುಟ್ಟಿದಳು.

ಯೇಸುಸ್ವಾಮಿ ದೇವರು, ಯೇಸುಸ್ವಾಮಿ ಇಂದು ಸತ್ತರು, ಆದ್ದರಿಂದ ಭಾನುವಾರದವರೆಗೆ ದೇವರಿಲ್ಲ. ನನ್ನ ತರ್ಕದಲ್ಲಿ ನನಗೆ ಒಂದು ಲೋಪವೂ ಕಾಣಲಿಲ್ಲ.

ಮನೆಗೆ ಬಂದಾಗ ಹುಳುಮನೆಯಿಂದ ಹಸಿ ಸೊಪ್ಪಿನ ವಾಸನೆ ಬರುತ್ತಿತ್ತು, ಮೇಯುವ ಸರಸರ ಸದ್ದು ಮಾತ್ರ ನಿಂತಿತ್ತು. ಹುಳುಗಳೆಲ್ಲ ಸೊಪ್ಪು ಬಿಟ್ಟು, ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುತ್ತಿದ್ದವು. ನಾವು ಎಣಿಸಿದ್ದಕ್ಕಿಂತ ಮೊದಲೇ ಹಣ್ಣಾಗಿ, ಗೂಡು ಕಟ್ಟಲು ಸಿದ್ಧವಾಗಿಬಿಟ್ಟಿದ್ದವು! ಒಂದೊಂದನ್ನೇ ಆಯ್ದು, ಚಂದ್ರಿಕೆ ಎಂಬ ಬಿದಿರಿನ ಚಾಪೆಯ ಸುರುಳಿಗಳಲ್ಲಿ ಬಿಡದಿದ್ದರೆ, ಅವು ಕಸದಲ್ಲಿಯೇ ನೂಲು ಸುರಿದು ಬೆಳೆಯೆಲ್ಲ ಹಾಳಾಗುತ್ತಿತ್ತು. ಆದರೆ ಶುಭ ಶುಕ್ರವಾರ ನಮ್ಮ ಮನೆಯಲ್ಲಿ ಪೊರಕೆಯನ್ನೂ ಮುಟ್ಟುತ್ತಿರಲಿಲ್ಲ. ಅಪ್ಪ ಹೊಸ್ತಿಲು ದಾಟದೆ ಅಲ್ಲಿಯೇ ನಿಂತರು.

ಹುಳುಗಳಿಗಾಗಿ ಪ್ರಾರ್ಥಿಸೋಣವೆಂದರೆ ಕೇಳುವವರೇ ಇಲ್ಲವಲ್ಲ ಎಂದು ನನಗೆ ಅಳು ಬಂತು. ಆಗ ಒಂದು ಉಪಾಯ ಹೊಳೆಯಿತು. ನಮ್ಮೂರಿನಲ್ಲಿ ಯಾರಾದರೂ ಪರಸ್ಥಳಕ್ಕೆ ಹೋಗುವಾಗ ತಮ್ಮ ದನಕರುಗಳನ್ನು ನೋಡಿಕೊಳ್ಳುವಂತೆ ಪಕ್ಕದ ಮನೆಯವರಿಗೆ ಹೇಳಿ ಹೋಗುವುದು ರೂಢಿ. ನಾನು ಪಕ್ಕದ ಗೌಡರ ಮನೆಗೆ ಓಡಿದೆ. ಅಲ್ಲಿನ ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದರು.

“ಅಜ್ಜಿ, ನಮ್ ದೇವ್ರು ಭಾನುವಾರದ್ ತನಕ ಇರಲ್ಲ. ಅಲ್ಲೀಗಂಟ ನಮ್ ಹುಳ ನೋಡ್ಕೊಳ್ಳಿ ಅಂತ ನಿಮ್ ದೇವ್ರಿಗೆ ಹೇಳ್ತೀರಾ?”

ಅಜ್ಜಿಯ ಕೈಯ ಗುಂಡುಕಲ್ಲು ನಿಂತಿತು. “ಏನ್ಲಾ, ನಿಮ್ ದೇವ್ರು ನೆಂಟರ ಮನೆಗೆ ಹೋಗೈತಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸೊಸೆಯಂದಿರನ್ನು ಕರೆದುಕೊಂಡು ನಮ್ಮ ಹುಳುಮನೆಗೇ ಬಂದುಬಿಟ್ಟರು. “ಏನಪ್ಪಾ, ನಿನ್ ಮಗ ನಿಮ್ ದೇವ್ರಿಗೆ ರಜಾ ಕೊಟ್ಬಿಟ್ಟವ್ನಲ್ಲ!”

ಅಪ್ಪ ನಗಲಿಲ್ಲ. ಒಂದು ಹುಳುವನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿದರು. ಅದರ ಬಾಯಿಂದ ಕಂಡೂ ಕಾಣದಂಥ ಎಳೆಯೊಂದು ಹೊರಡುತ್ತಿತ್ತು.

“ಇದಕ್ಕೆ ಈಗ ನೂಲು ಕೊಡ್ತಿರೋದು ಯಾರು? ದೇವ್ರು ಒಂದು ಗಳಿಗೆ ಕೈಬಿಟ್ಟಿದ್ರೆ ಹುಳಾನೂ ಇರ್ತಿರ್ಲಿಲ್ಲ, ನೀನೂ ಇರ್ತಿರ್ಲಿಲ್ಲ. ದೇವ್ರೇ ಕೆಲಸ ಮಾಡ್ತಿರೋವಾಗ ನಾವು ಕೈ ಕಟ್ಕೊಂಡು ನಿಂತ್ರೆ ಹೆಂಗಪ್ಪಾ?”

ಅಪ್ಪ ಶಿಲುಬೆಯ ಗುರುತು ಹಾಕಿಕೊಂಡು ಹುಳು ಆಯಲು ಕುಳಿತರು. ಅಕ್ಕ ಮೊದಲು ಮುಖ ಸಿಂಡರಿಸಿದಳು, ಆಮೇಲೆ ಎಲ್ಲರಿಗಿಂತ ವೇಗವಾಗಿ ಆಯ್ದಳು. ಮಧ್ಯಾಹ್ನದ ಪ್ರಾರ್ಥನೆಯ ವೇಳೆಗೆ ಇನ್ನೂ ಕೆಲವು ತಟ್ಟೆಗಳ ಹುಳುಗಳು ಉಳಿದಿದ್ದವು. “ನೀವ್ ಹೋಗ್ಬನ್ನಿ, ನಾವಿದೀವಿ” ಎಂದು ಅಜ್ಜಿ ನಮ್ಮನ್ನು ಕಳುಹಿಸಿದರು. ಬೆಳೆ ಉಳಿಯಿತು.

ಆದರೂ ಸತ್ತವರು ನೂಲು ಕೊಡುವುದು ಹೇಗೆಂಬುದು ನನಗೆ ತಿಳಿಯಲಿಲ್ಲ. ಭಾನುವಾರ ಈಸ್ಟರ್ ಬಲಿಪೂಜೆ ಮುಗಿದೊಡನೆ, ಗಂಟೆಗಳ ಗದ್ದಲದ ನಡುವೆಯೇ ಚರ್ಚಿನ ಗುರುಗಳನ್ನು ಕೇಳಿದೆ. ಅವರು ಬಾಗಿ, ನನ್ನ ಕಣ್ಣಿಗೆ ಕಣ್ಣಿಟ್ಟು ಹೇಳಿದರು: “ನಮಗಾಗಿ ಮನುಷ್ಯರಾದ್ದರಿಂದ ಯೇಸುಸ್ವಾಮಿ ಮನುಷ್ಯರಂತೆ ನಿಜವಾಗಿ ಸತ್ತರು ಮಗು. ಆದರೆ ದೈವತ್ವಕ್ಕೆ ಸಾವಿಲ್ಲ. ತಾವು ಸಮಾಧಿಯಲ್ಲಿದ್ದಾಗಲೂ ಈ ಲೋಕವನ್ನು ಎತ್ತಿಹಿಡಿದವರು ಅವರೇ.”

ಮಕ್ಕಳೇ, ಈಗ ಅರಿಶಿನಕುಂಟೆಯ ನಿಮ್ಮ ಮನೆಯ ಕಿಟಕಿ ತೆರೆದರೆ ಹೆದ್ದಾರಿಯ ಸದ್ದು. ನೀವು ಊರಿಗೆ ಹೊರಟರೆ ಮನೆಯನ್ನು ಕ್ಯಾಮೆರಾ ಕಾಯುತ್ತದೆ. ಸಂಶಯ ಬಂದರೆ ಫೋನು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತದೆ. ನಾನು ಒಂದು ಉತ್ತರಕ್ಕಾಗಿ ಶುಕ್ರವಾರದಿಂದ ಭಾನುವಾರದವರೆಗೆ ಕಾದೆ. ನಿಮ್ಮ ಕಾಲ ಬೇರೆ, ನನ್ನ ಕಾಲ ಬೇರೆ. ಎರಡನ್ನೂ ಹಿಡಿದಿರುವ ದೇವರು ಬೇರೆಯಾಗಿಲ್ಲ, ಆಗುವುದೂ ಇಲ್ಲ. ಈ ವಿಷಯದಲ್ಲಿ ನನಗೆ ಮತ್ತೆಂದೂ ಸಂಶಯ ಬಂದಿಲ್ಲ. ಅದು ಇತ್ಯರ್ಥವಾದದ್ದು 1978ನೆಯ ಇಸವಿ ಮಾರ್ಚ್ ತಿಂಗಳ 26ನೆಯ ತಾರೀಕು, ಭಾನುವಾರ.