ಟೈಲರ್ ಅಕ್ಕ ಒಪ್ಪಿದ ಮೇಲೆ

ಮೊನ್ನೆ ಚಾಮರಾಜನಗರದ ಅಂಗಡಿಬೀದಿಯಲ್ಲಿ ಯಾರೋ ಹೊಲಿಗೆ ಮಷಿನ್‌ಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆಗೆ ಹಂಗಳದ ಟೈಲರ್ ಅಕ್ಕ ನೆನಪಾದರು...

ಎರಡು ಸಾವಿರದ ದಶಕದ ಮಾತು. ಗುಂಡ್ಲುಪೇಟೆಯಿಂದ ಜೀಪಿನಲ್ಲಿ ಊರೂರಿಗೆ ಹೋಗಿ, ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ತಂಡದಲ್ಲಿ ನಾನು ನರ್ಸ್ ಆಗಿದ್ದೆ. ಅಕ್ಕನಿಗೆ ಎದೆಯ ಕ್ಯಾನ್ಸರ್, ಹುಣ್ಣಾಗಿತ್ತು. ವಾರಕ್ಕೊಮ್ಮೆ ಡ್ರೆಸ್ಸಿಂಗ್ ಮಾಡಿ ಮಾತ್ರೆ ಕೊಟ್ಟು ಬರುತ್ತಿದ್ದೆ. ನೋವು ತಗ್ಗಿದ ದಿನ ಅವರು ಮಷಿನ್ ಮುಂದೆ ಕೂತು ಯಾರದಾದರೂ ರವಿಕೆ ಹೊಲಿಯುತ್ತಿದ್ದರು. ಕಾಯಿಲೆಯ ಹೆಸರನ್ನು ಮನೆಯವರು ಅವರಿಗೆ ಹೇಳಿರಲಿಲ್ಲ, ನಮಗೂ ಹೇಳಗೊಟ್ಟಿರಲಿಲ್ಲ.

ಆಗ ನಮ್ಮದೂ, ರಾಜ್ಯದ ಗಡಿಯಾಚೆಯದೂ ಸೇರಿ ಕೆಲವು ಆಸ್ಪತ್ರೆಗಳು ಒಟ್ಟಾಗಿ ಇಂಥ ನೋವಿನ ಬಗ್ಗೆ ಅಧ್ಯಯನಕ್ಕೆ ಹೊರಟಿದ್ದವು. ರೋಗಿಗೆ ಎಲ್ಲ ತಿಳಿಸಿ, ಅವರು ಮನಸಾರೆ ಒಪ್ಪಿದರೆ ಮಾತ್ರ ಪ್ರಶ್ನೆ ಕೇಳಬೇಕು ಎಂಬುದು ಎಲ್ಲರೂ ಕೂತು ಮಾಡಿಕೊಂಡ ಮೊದಲ ನಿಯಮ. ಅಕ್ಕನನ್ನು ಕೇಳಲು ನಾವು ಹಂಗಳಕ್ಕೆ ಹೋದಾಗ ಅಕ್ಕನ ಯಜಮಾನರು ಜೀಪಿನ ಹತ್ತಿರವೇ ತಡೆದರು.

"ಏನಾದ್ರೂ ಕೇಳ್ಕಳಿ ಸಿಸ್ಟ್ರೇ, ಕಾಯ್ಲೆ ಎಸ್ರು ಮಾತ್ರ ಏಳ್ಬ್ಯಾಡಿ. ಅಲ್ಲೇ ಕುಸ್ದೋಗ್ಬುಡ್ತಾಳೆ."

ಜೊತೆಗೆ ಬಂದಿದ್ದ ಬೇರೆ ಆಸ್ಪತ್ರೆಯವರು, ಬರೀ ಹುಣ್ಣು ಅಂತ ಹೇಳಿ ಕೇಳೋಣ ಅಂದರು. ನಮ್ಮ ಡಾಕ್ಟರು ಒಪ್ಪಲಿಲ್ಲ. "ಹಾಗಾದ್ರೆ ಬೇಡ. ಅಧ್ಯಯನಕ್ಕೆ ಸೇರದಿದ್ರೂ ಮಾತ್ರೆ, ಡ್ರೆಸ್ಸಿಂಗ್ ಯಾವುದೂ ನಿಲ್ಲಲ್ಲ" ಎಂದು ಯಜಮಾನರಿಗೆ ಹೇಳಿದರು.

ಒಳಗೆ ಮಷಿನ್ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಕ್ಯಾನ್ಸರ್ ತಾನೇ ಸಿಸ್ಟ್ರೇ? ಮೈಸೂರ್ ಆಸ್ಪತ್ರೆಗೆ ಓದಾಗ್ಲೇ ಗೊತ್ತಾಯ್ತು. ಇವ್ರು ಎದರ್ಕತಾರೆ ಅಂತ ಸುಮ್ಕಿದ್ದೆ."

ಯಜಮಾನರು ಜಗಲಿಯ ಮೇಲೆ ಕೂತುಬಿಟ್ಟರು. ಅಕ್ಕ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದರು. ಅದೇನು ಮಾತಾಡಿಕೊಂಡರೋ... ನಾವು ಆಚೆ ಸರಿದು ನಿಂತೆವು.

ಮುಂದಿನ ವಾರ ಅಕ್ಕ ತಾವಾಗಿಯೇ ಒಪ್ಪಿದರು. "ಕೇಳಿ. ಆದ್ರೆ ನನ್ನಂಗಿರೋರು ಏನಂದ್ರು ಅಂತ ಬಂದು ಏಳ್ಬೇಕು." ಆಗಲಿ ಎಂದು ಮಾತು ಕೊಟ್ಟೆ. ಅವರಿಗೆ ಸುಸ್ತಾದಾಗಲೆಲ್ಲ ನಿಲ್ಲಿಸಿ, ನಿಧಾನವಾಗಿ ಕೇಳಿ ಮುಗಿಸಿದೆವು. ಅಧ್ಯಯನ ಮುಗಿಯುವ ಮೊದಲೇ ಅಕ್ಕ ಹೋದರು, ಹೆಚ್ಚು ನೋವಿಲ್ಲದೆ, ಯಜಮಾನರ ಕೈ ಹಿಡಿದುಕೊಂಡು.

ಅಧ್ಯಯನ ಮುಗಿದ ಮೇಲೆ, ಅಕ್ಕನಿಗೆ ಕೊಟ್ಟ ಮಾತಿನಂತೆ ಹಂಗಳಕ್ಕೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ. ಮನೆಯವರ ಹತ್ತಿರ ಬಾಯಿಬಿಟ್ಟು ಹೇಳಿಕೊಳ್ಳಲಾಗದ್ದೇ ನೋವಿಗಿಂತ ದೊಡ್ಡ ಸಂಕಟ ಎಂದು ಅಧ್ಯಯನದಲ್ಲಿ ಎಷ್ಟೋ ರೋಗಿಗಳು ಅಂದಿದ್ದರು. ಯಜಮಾನರು ಅಕ್ಕನ ಮಷಿನ್ ಮೇಲಿನ ಧೂಳು ಒರೆಸಿದರು. ಆಮೇಲೆ, "ನಮ್ಗೆ ಕಡೇಲಾದ್ರೂ ಮಾತಾಡಕಾಯ್ತಲ್ಲ ಸಿಸ್ಟ್ರೇ" ಅಂದರು.

ಈಗ ಹೊಸ ನರ್ಸುಗಳಿಗೆ ಆ ಅಧ್ಯಯನದ ನಿಯಮಗಳನ್ನು ಹೇಳಿಕೊಡುತ್ತೇನೆ. ಕಂಡುಕೊಂಡದ್ದನ್ನು ಉತ್ತರ ಕೊಟ್ಟವರಿಗೂ ತಿಳಿಸಬೇಕು ಎಂಬ ನಿಯಮ ಬಂದಾಗ ಅಕ್ಕನ ಕತೆ ಹೇಳುತ್ತೇನೆ... ಅಕ್ಕನಿಗೇ ತಿಳಿಸಲು ನಮಗೆ ಆಗಲಿಲ್ಲ.